ಆಟವೋ, ಕೂಟವೋ?

ಕಳೆದ ಆದಿತ್ಯವಾರ ಸುರತ್ಕಲ್‌ನಿಂದ ಅಕ್ಕನ ಮಗ ಬಂದಿದ್ದ. ನನ್ನ ಕಂಪ್ಯೂಟರಿನ ಪರದೆಯ ಮೇಲೆ ‘ಸೋಮಾ’ ಎಂಬ ವಿಡಿಯೋ ಗೇಮ್ ಕಂಡದ್ದೇ ತಡ, “ಇದರ ಕಥೆ ನನಗೆ ಗೊತ್ತುಂಟು ಮಾವ. ಯೂಟ್ಯೂಬಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಪೂರಾ ಹೇಳಿದ್ದಾರೆ. ನೀವು ಇಷ್ಟು ರಾತ್ರಿ ನಿದ್ದೆಗೆಟ್ಟದ್ದು ಯಾಕೆ?” ಎಂದ. ಬಾಯಲ್ಲಿ ಬಿಸಿ ಗೋಳಿಬಜೆ ಇದ್ದುದರಿಂದ ಆಗ ಉತ್ತರ ಕೊಡಲಾಗಲಿಲ್ಲ. ಅವನು ಬಸ್ಸು ಹತ್ತಿದ ಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಗೇಮನ್ನು ಆಡಬೇಕೆಂದು ಇಟ್ಟುಕೊಂಡವರು ಇಲ್ಲಿಗೇ ಓದು ನಿಲ್ಲಿಸುವುದು ಒಳ್ಳೆಯದು.

ಸೋಮಾ ಬಂದದ್ದು 2015ರ ಸೆಪ್ಟೆಂಬರಿನಲ್ಲಿ. ಮಾಡಿದವರು ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್. 2010ರಲ್ಲಿ ‘ಅಮ್ನೀಷಿಯಾ’ ಎಂಬ ಹೆದರಿಸುವ ಗೇಮ್ ಮಾಡಿ, ಕೈಗೆ ಒಂದು ಆಯುಧವನ್ನೂ ಕೊಡದೆ ನಮ್ಮನ್ನು ಕಪಾಟಿನೊಳಗೆ ಉಸಿರು ಬಿಗಿಹಿಡಿದು ಕೂರಿಸಿದವರು ಇವರೇ. ಸೋಮಾದಲ್ಲಿ ಟೊರಾಂಟೋದ ಸೈಮನ್ ಎಂಬ ಯುವಕ ಅಪಘಾತದಲ್ಲಿ ತಲೆಗೆ ಏಟು ಬಿದ್ದು ಮೆದುಳಿನ ಸ್ಕ್ಯಾನ್ ಮಾಡಿಸಲು ಹೋಗುತ್ತಾನೆ. ಕಣ್ಣು ಬಿಡುವುದು 2104ರಲ್ಲಿ, ಅಟ್ಲಾಂಟಿಕ್ ಸಾಗರದ ತಳದಲ್ಲಿರುವ ಪಾಥೋಸ್-2 ಎಂಬ ಕೇಂದ್ರದೊಳಗೆ. ಧೂಮಕೇತು ಬಡಿದು ಮೇಲಿನ ಲೋಕವೆಲ್ಲ ಸುಟ್ಟುಹೋಗಿದೆ. ಎದ್ದವನು ಸೈಮನ್ನೋ, ಅವನ ಸ್ಕ್ಯಾನಿನ ಒಂದು ಪ್ರತಿಯೋ ಎಂಬುದೇ ಕಥೆಯ ಗಂಟು.

ಕಥೆಯ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿರುವುದು ಗೇಮ್‌ಪ್ಲೇ, ಅಂದರೆ ಆಡುವ ಬಗೆಯ ಬಗ್ಗೆ; ಅದು ನನಗೂ ಇದೆ. ಕತ್ತಲ ಕಾರಿಡಾರಿನಲ್ಲಿ ಒಂದು ವಿಕಾರ ಜೀವ ಓಡಾಡುತ್ತಿರುತ್ತದೆ. ಅದನ್ನು ನೋಡಿದರೆ ಪರದೆಯೇ ಕಲಕಿಹೋಗುತ್ತದೆ. ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅದು ಆಚೆ ತಿರುಗುವವರೆಗೆ ಕಾಯಬೇಕು. ಮೊದಲ ಸಲ ಎದೆ ಬಡಿತ ನನಗೇ ಕೇಳಿಸಿತು. ಎರಡು ಮೂರು ಸಲ ಸಿಕ್ಕಿಬಿದ್ದ ಮೇಲೆ ಭಯ ಹೋಗಿ ಲೆಕ್ಕಾಚಾರ ಉಳಿಯಿತು. ಎಷ್ಟು ಹೆಜ್ಜೆಗೆ ತಿರುಗುತ್ತದೆ, ಯಾವ ಬಾಗಿಲಿಗೆ ಓಡಬೇಕು, ಇಷ್ಟೇ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿ ಬಸ್ಸು ಹತ್ತಿ ಕುಳಿತು, ಕಂಡಕ್ಟರ್ ಇನ್ನೂ ಒಬ್ಬ ಪ್ರಯಾಣಿಕನಿಗಾಗಿ ಕೂಗುತ್ತಿರುವುದನ್ನು ಕೇಳಿಸಿಕೊಂಡ ಹಾಗೆ. ಸೈಮನ್‌ನ ಸಂಕಟಕ್ಕೂ ಈ ಕಾಯುವಿಕೆಗೂ ಏನೇನೂ ಸಂಬಂಧವಿಲ್ಲ.

ಕೆಲವು ಆಟಗಾರರು ಈ ಜೀವಗಳು ಮೈಮೇಲೆ ಬೀಳದಂತೆ ತಾವೇ ಗೇಮನ್ನು ತಿದ್ದಿಕೊಂಡರು. 2017ರ ಡಿಸೆಂಬರಿನಲ್ಲಿ ಕಂಪನಿಯೇ ‘ಸೇಫ್ ಮೋಡ್’ ಕೊಟ್ಟಿತು: ಜೀವಗಳು ಇರುತ್ತವೆ, ಕೊಲ್ಲುವುದಿಲ್ಲ. ಆಡಿದವನು ಸಾಯಲಾರ ಎಂದ ಮೇಲೆ ಅದು ಗೇಮ್ ಹೇಗಾಯಿತು ಎಂದು ಮೂಗು ಮುರಿಯುವವರಿದ್ದಾರೆ.

ಇಂಥವರು ನಮ್ಮ ಊರಿನ ಕಡೆ ಬರಬೇಕು. ನಮ್ಮಲ್ಲಿ ಆಟ ಎಂದರೆ ವೇಷ ಕಟ್ಟಿ ಕುಣಿಯುವ ಯಕ್ಷಗಾನ ಬಯಲಾಟ, ಕೂಟ ಎಂದರೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆ. ಕೂಟದಲ್ಲಿ ಕಿರೀಟವಿಲ್ಲ, ಗೆಜ್ಜೆಯಿಲ್ಲ, ಬಣ್ಣದ ವೇಷದ ಅಬ್ಬರವಿಲ್ಲ. ಭಾಗವತರು, ಚೆಂಡೆ ಮದ್ದಳೆ, ಶಾಲು ಹೊದ್ದು ಎದುರುಬದುರು ಕುಳಿತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು. ಕುಣಿತ ಇಲ್ಲವೆಂದು ಅದನ್ನು ಯಾರೂ ಅರೆಬರೆ ಯಕ್ಷಗಾನ ಎನ್ನುವುದಿಲ್ಲ. ‘ವಾಲಿ ಮೋಕ್ಷ’ವನ್ನೇ ನೋಡಿ. ಬಾಣ ಬಿಟ್ಟಾಗಿದೆ, ವಾಲಿ ಬಿದ್ದಾಗಿದೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ಅವನು ರಾಮನನ್ನು ಕೇಳುತ್ತಾನೆ, ಅಷ್ಟರಲ್ಲೇ ಗಂಟೆಗಟ್ಟಲೆ ಮಾತು ಹೊರಡುತ್ತದೆ. ಕಥೆ ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತು. ಅಳಿಯನ ಯೂಟ್ಯೂಬ್ ಲೆಕ್ಕದಲ್ಲಾದರೆ ಅದು ಒಂದೇ ವಾಕ್ಯ: ರಾಮ ಮರೆಯಿಂದ ವಾಲಿಯನ್ನು ಕೊಂದ.

ಸೇಫ್ ಮೋಡ್ ಎಂದರೆ ಸೋಮಾದ ಕೂಟ ಎನ್ನುವುದು ನನ್ನ ವಾದ. ರಾಕ್ಷಸವೇಷ ಬದಿಗೆ ಸರಿದ ಮೇಲೆ ನಿಜವಾದ ಗೇಮ್‌ಪ್ಲೇ ಕಾಣಿಸುತ್ತದೆ.

ಬ್ರಾಂಡನ್ ವಾನ್ ಎಂಬವನ ಪ್ರಸಂಗ ಹೇಳುತ್ತೇನೆ. ಅವನು ಸತ್ತು ಹೋಗಿದ್ದಾನೆ, ಮೆದುಳಿನ ಸ್ಕ್ಯಾನ್ ಮಾತ್ರ ಉಳಿದಿದೆ. ಸೈಮನ್‌ಗೆ ಬೇಕಾದ ಗುಪ್ತಸಂಕೇತ ಆ ಸ್ಕ್ಯಾನಿನಲ್ಲಿದೆ. ಕಂಪ್ಯೂಟರಿನಲ್ಲಿ ಅವನನ್ನು ಎಬ್ಬಿಸಬೇಕು, ಅವನ ಸುತ್ತ ಒಂದು ಸುಳ್ಳು ದೃಶ್ಯ ಕಟ್ಟಬೇಕು, ನಂಬಿಸಿ ಬಾಯಿಬಿಡಿಸಬೇಕು. ಅವನಿಗೆ ತಾನು ಈಗಷ್ಟೇ ಸ್ಕ್ಯಾನ್ ಮುಗಿಸಿ ಎದ್ದೆನೆಂಬ ಭಾವನೆ. ಏನೋ ಸರಿಯಿಲ್ಲ ಎಂದು ಗುಮಾನಿ ಬಂದೊಡನೆ ಗಾಬರಿಯಾಗುತ್ತಾನೆ, ಅಲ್ಲಿಗೆ ಎಲ್ಲ ಬಂದ್. ಮತ್ತೆ ಹೊಸ ದೃಶ್ಯ ಆರಿಸಿ ಮತ್ತೆ ಎಬ್ಬಿಸಿದರೆ ಹಿಂದಿನದು ಒಂದೂ ಅವನಿಗೆ ನೆನಪಿಲ್ಲ. ಅದೇ ಮನುಷ್ಯ, ಅದೇ ಗಾಬರಿ, ಮೊದಲಿನಿಂದ.

ಇಲ್ಲಿ ಓಡುವುದಿಲ್ಲ, ಅಡಗುವುದಿಲ್ಲ. ಮೌಸಿನಿಂದ ನಾಲ್ಕು ಆಯ್ಕೆ ಒತ್ತುವುದು ಅಷ್ಟೇ ಕೆಲಸ. ನಾನು ಮೊದಲ ಸಲ ಪಾಪ ಎಂದುಕೊಂಡೆ. ಮೂರನೆಯ ಸಲ “ಬೇಗ ಹೇಳು ಮಾರಾಯ” ಎಂದು ನಿಜಕ್ಕೂ ಗಟ್ಟಿಯಾಗಿ ಗದರಿದೆ. ಆಚೆ ಕೋಣೆಯಿಂದ ಅಮ್ಮ “ಯಾರಿಗೆ ಬಯ್ಯುತ್ತೀಯಾ?” ಎಂದರು. ಆಗ ಬೆನ್ನಲ್ಲಿ ಚಳಿ ಹುಟ್ಟಿತು. ಕಾರಿಡಾರಿನ ಯಾವ ಜೀವವೂ ಅಂಥ ಚಳಿ ಹುಟ್ಟಿಸಿರಲಿಲ್ಲ. ಕೂಟದಲ್ಲಿ ವಾಲಿ ಕೇಳುವುದು ರಾಮನನ್ನು, ನಾನು ಚಾಪೆಯ ಮೇಲೆ ಕುಳಿತು ತಲೆದೂಗುವವನು. ಇಲ್ಲಿ ಬಾಣ ಬಿಟ್ಟ ಬೆರಳು ನನ್ನದೇ. ಯೂಟ್ಯೂಬಿನವನು ಇದನ್ನು “ನಂತರ ಸಂಕೇತ ಸಿಗುತ್ತದೆ” ಎಂದು ಮೂರು ಪದದಲ್ಲಿ ದಾಟಿಸುತ್ತಾನೆ. ಅವನ ತಪ್ಪಲ್ಲ, ಹೇಳಲು ಅಲ್ಲಿ ಬೇರೆ ಏನೂ ಇಲ್ಲ.

ಹಾಗೆಂದು ಸೇಫ್ ಮೋಡಿನಲ್ಲಿ ನಷ್ಟವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಕೇಂದ್ರದ ಗೋಡೆಗಳಲ್ಲಿ ಅಲ್ಲಲ್ಲಿ ಮಾಂಸದ ಹೂವಿನಂಥದೊಂದು ಬೆಳೆದಿರುತ್ತದೆ. ಗಾಯವಾದರೆ ಅದರೊಳಗೆ ಕೈ ತೂರಿಸಬೇಕು, ಮೈ ಸರಿಹೋಗುತ್ತದೆ. ಅದನ್ನು ಬೆಳೆಸಿದ್ದು, ಮನುಷ್ಯರನ್ನು ಹೇಗಾದರೂ ಸರಿ ಸಾಯದಂತೆ ಇಡಬೇಕೆಂದು ಹೊರಟು ಅವರನ್ನು ಆ ವಿಕಾರಕ್ಕೆ ತಂದ ಯಂತ್ರಬುದ್ಧಿಯೇ. ಮೊದಲ ಸಲ ನಾನು ಅಸಹ್ಯಪಟ್ಟು ಹಿಂದೆಗೆದೆ. ಐದಾರು ಸಲ ಏಟು ತಿಂದ ಮೇಲೆ ಓಡಿ ಹೋಗಿ ಕೈ ತೂರಿಸುತ್ತಿದ್ದೆ. ಏಟೇ ಬೀಳದವನಿಗೆ ಈ ಹಸಿವು ಹೇಗೆ ತಿಳಿದೀತು? ಆದ್ದರಿಂದ ಮೊದಲ ಸಲ ಆಟ, ಎರಡನೆಯ ಸಲ ಕೂಟ ಎನ್ನುತ್ತೇನೆ. ಧೈರ್ಯ ಸಾಲದವರು ನೇರ ಕೂಟಕ್ಕೇ ಬನ್ನಿ.

ಹಳೆಯ ಆಟಗಾರರು ಈಗ ‘ಸೈಲೆಂಟ್ ಹಿಲ್ 2’ರ ಹೆಸರು ಎತ್ತುತ್ತೀರಿ, ಗೊತ್ತು. 2001ರ ಆ ಭಯದ ಗೇಮಿನಲ್ಲಿ ನಾಯಕ ಜೇಮ್ಸ್ ಮರದ ಹಲಗೆ ಬೀಸುವುದು ನೋಡಿದರೆ ನಗು ಬರುತ್ತದೆ. ಆದರೆ ಅದು ನಮ್ಮನ್ನು ಕದ್ದು ಗಮನಿಸುತ್ತಿರುತ್ತದೆ. ಗಾಯಕ್ಕೆ ಕೂಡಲೇ ಮದ್ದು ಮಾಡಿದೆವೋ ಇಲ್ಲವೋ, ಚೀಲದೊಳಗಿನ ಚಾಕುವನ್ನು ತೆಗೆದು ನೋಡಿದೆವೋ ಎಂಬುದರ ಮೇಲೆ ಕಥೆಯ ಕೊನೆ ಬದಲಾಗುತ್ತದೆ. ಕೇಳದೆಯೇ ಉತ್ತರ ಪಡೆಯುವ ಈ ಜಾಣತನ ಸೋಮಾಗೆ ಇಲ್ಲ. 2024ರ ಹೊಸ ರೂಪದಲ್ಲಿ ಜೇಮ್ಸ್ ಏಟು ತಪ್ಪಿಸಿಕೊಳ್ಳುವುದನ್ನು ಚೆನ್ನಾಗಿ ಕಲಿತಿದ್ದಾನೆ, ಹೊಡೆದಾಟವೂ ಹೆಚ್ಚಿದೆ. ನನಗೆ ಹಲಗೆ ಬೀಸಲು ಬಾರದವನೇ ಇಷ್ಟ.

ಅಳಿಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. “ಹ್ಞೂಂ ಮಾವ” ಎಂದ. ಒಪ್ಪಿದ್ದಲ್ಲ, ಫೋನ್ ಇಡುವ ಅವಸರ. ಆದರೂ ಗೇಮ್ ಹಾಕಿಸಿಕೊಂಡಿರಬೇಕು. ನಿನ್ನೆ ರಾತ್ರಿ ಹನ್ನೊಂದು ದಾಟಿದ ಮೇಲೆ ವಾಟ್ಸಾಪಿನಲ್ಲಿ ಸಂದೇಶ ಬಂತು:

“ಮಾವ, ಆ ಬ್ರಾಂಡನ್‌ನನ್ನು ನೀವು ಎಷ್ಟು ಸಲ ಎಬ್ಬಿಸಿದಿರಿ?”

ನಾಲ್ಕು ಎಂದು ಬರೆದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಂತು: “ನನ್ನದು ಏಳಾಯಿತು.”