ಮ್ಯೂಸಿಕಲ್‌ಗೆ ಹೋಗುವ ಮುಂಚೆ ಅದರ ಹಾಡು ಕೇಳಿಕೊಂಡು ಹೋಗಬೇಕಾ?

ಪರ: ಕೇಳಿಕೊಂಡೇ ಹೋಗಿ

ಮ್ಯೂಸಿಕಲ್ ಅಂದರೆ ಹಾಡುಗಳಲ್ಲಿ ಕತೆ ಹೇಳುವ ನಾಟಕ. ಈ ಚರ್ಚೆಯಲ್ಲಿ 'ಪರ' ಪಕ್ಷ ನಾನು ಆರಿಸಿಕೊಂಡದ್ದಲ್ಲ, ನನ್ನ ಪಾಲಿಗೆ ಬಂದದ್ದು. ಏನೂ ಗೊತ್ತಿಲ್ಲದೆ ಹೋಗಿ ಕೂತು ಖುಷಿಪಟ್ಟ ಸಂಜೆಗಳು ನನಗೂ ಇವೆ. ಆದರೆ ಹಾಡು ಮೊದಲೇ ಕೇಳಿಕೊಂಡರೆ ಏನು ಸಿಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದನ್ನು ಕಲಿಸಿದ್ದು 'ಲೆ ಮಿಸರಾಬ್ಲ್' ಎಂಬ ಮ್ಯೂಸಿಕಲ್.

ಮೊದಲ ಸಲ ಅದನ್ನು ನೋಡಿದಾಗ ಒಂದು ಹಾಡೂ ಕಿವಿಗೆ ಬಿದ್ದಿರಲಿಲ್ಲ. ಫ್ರಾನ್ಸ್, ಕೆಂಪು ಬಾವುಟ, ಬೀದಿಗೆ ಅಡ್ಡ ಪೇರಿಸಿದ ಮೇಜು ಕುರ್ಚಿಗಳ ಫೋಟೋ ನೋಡಿ ಇದು 1789ರ ಕ್ರಾಂತಿಯ ಕತೆ ಅಂದುಕೊಂಡಿದ್ದೆ. ರಾಜನ ತಲೆ ಯಾವಾಗ ಉರುಳುತ್ತದೆ ಎಂದು ಕಾಯುತ್ತಾ ಕೂತೆ. ಆದರೆ ಕತೆ ಶುರುವಾಗುವುದೇ 1815ರಲ್ಲಿ. ಅಲ್ಲಿಂದ 1823ಕ್ಕೆ ಹಾರುತ್ತದೆ, ಮತ್ತೆ 1832ಕ್ಕೆ. ಬೀದಿಯಲ್ಲಿ ನಡೆಯುವುದು ಆ ವರ್ಷ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಾದ ದಂಗೆ. ಬರೀ ಮಾತಿನ ದೃಶ್ಯ ಇಲ್ಲವೇ ಇಲ್ಲ ಅನ್ನಬಹುದು, ಎಲ್ಲವೂ ಹಾಡಿನಲ್ಲೇ. ಒಂದು ಸಾಲು ಕಿವಿ ತಪ್ಪಿದರೆ ಒಂಬತ್ತು ವರ್ಷ ತಪ್ಪಿಹೋಗುತ್ತದೆ. ಮಧ್ಯಂತರದಲ್ಲಿ ಪಕ್ಕದವರನ್ನು "ಆ ಚಿಕ್ಕ ಹುಡುಗಿ ಎಲ್ಲಿ ಹೋದಳು?" ಎಂದು ಕೇಳಿದೆ. "ಅವಳೇ ಅಲ್ವಾ ಇವಳು" ಎಂದರು.

ಆಮೇಲೆ ಮನೆಯಲ್ಲಿ ಕೂತು ಆಲ್ಬಮ್ ಕೇಳಿದೆ. ತಿಂಗಳುಗಟ್ಟಲೆ ಕೇಳಿದೆ. ಎರಡನೇ ಸಲ ಹೋದಾಗ ನೋಡಿದ್ದು ಬೇರೆಯದೇ ನಾಟಕ ಅನಿಸಿತು. ಮೊದಲಲ್ಲಿ ಜಾನ್ ವಾಲ್‌ಜಾನ್ ಬೆಳ್ಳಿ ಸಾಮಾನು ಕದಿಯುತ್ತಾನೆ. ಪಾದ್ರಿ ಅವನನ್ನು ಹಿಡಿದುಕೊಡುವುದಿಲ್ಲ, ಇದನ್ನೂ ತಗೋ ಎಂದು ಇನ್ನಷ್ಟು ಕೊಟ್ಟು ಕಳಿಸುತ್ತಾನೆ. ಆ ದಯೆಯನ್ನು ಹೊರಲಾರದೆ ವಾಲ್‌ಜಾನ್ ಒದ್ದಾಡುತ್ತಾ ಹಾಡುತ್ತಾನೆ. ಕೊನೆಯ ಹೊತ್ತಿಗೆ, ವರ್ಷಾನುಗಟ್ಟಲೆ ಅವನ ಬೆನ್ನುಹತ್ತಿದ ಪೊಲೀಸ್ ಜವೇರ್ ಅವನ ಕೈಗೇ ಸಿಕ್ಕಿಬೀಳುತ್ತಾನೆ. ವಾಲ್‌ಜಾನ್ ಅವನನ್ನು ಬಿಟ್ಟುಬಿಡುತ್ತಾನೆ. ಆಗ ಸೇತುವೆಯ ಮೇಲೆ ನಿಂತು ಜವೇರ್ ಹಾಡುವುದು ವಾಲ್‌ಜಾನ್ ಹಾಡಿದ ಅದೇ ಮಟ್ಟಿನಲ್ಲಿ. ದಯೆ ಒಬ್ಬನನ್ನು ಬದುಕಿಸಿತು, ಇನ್ನೊಬ್ಬನಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮಟ್ಟು ಹೇಳುತ್ತದೆ. ಮೊದಲ ಸಲ ಸುಮ್ನೆ ಚೆನ್ನಾಗಿದೆ ಅಂದುಕೊಂಡಿದ್ದೆ. ಎರಡನೇ ಸಲ ಮೈ ಜುಮ್ಮೆಂದಿತು. ಫಾಂಟೀನ್ ಎಂಬ ತಾಯಿ ಸಾಯುವಾಗ ಮಗಳನ್ನು ಕರೆದ ಮಟ್ಟೂ ಹೀಗೆಯೇ. ಮುಂದೆ ಅದು ಒಂಟಿಯಾಗಿ ಅಲೆಯುವ ಎಪೊನೀನ್‌ಳ ಹಾಡಾಗುತ್ತದೆ. ಕಿವಿ ಪಳಗಿರದಿದ್ದರೆ ಇದೆಲ್ಲ ಗಾಳಿಗೆ ಹೋಗುತ್ತದೆ.

ಇನ್ನೊಂದು ಮಾತು. ಹಾಡನ್ನು ಮೊದಲು ಕೊಟ್ಟವರು ನಾಟಕ ಮಾಡಿದವರೇ. 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' 1970ರಲ್ಲಿ ಆಲ್ಬಮ್ ಆಗಿ ಬಂತು, ರಂಗಕ್ಕೆ ಬಂದದ್ದು 1971ರಲ್ಲಿ. 'ಎವಿಟಾ' ಆಲ್ಬಮ್ 1976ರದು, ಲಂಡನ್ ರಂಗಕ್ಕೆ ಬಂದದ್ದು 1978ರಲ್ಲಿ. ಜನ ಹಾಡು ಕೇಳಿಕೊಂಡೇ ಬಂದರು, ಯಾರ ಖುಷಿಯೂ ಕಡಿಮೆಯಾಗಲಿಲ್ಲ.

'ಮೆರಿಲಿ ವಿ ರೋಲ್ ಅಲಾಂಗ್' ಗತಿ ನೋಡಿ. 1981ರಲ್ಲಿ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇಯಲ್ಲಿ ಬಂದಾಗ 16 ಪ್ರದರ್ಶನಕ್ಕೇ ನಿಂತುಹೋಯಿತು. ಕತೆ ಹಿಂದಕ್ಕೆ ಹೋಗುತ್ತದೆ, ನಡುವಯಸ್ಸಿನಿಂದ ಶುರುವಾಗಿ ಯೌವನದಲ್ಲಿ ಮುಗಿಯುತ್ತದೆ. ಯಾರು ಯಾರೆಂದು ಜನರಿಗೆ ತಿಳಿಯಲೆಂದು ನಟರ ಅಂಗಿಯ ಮೇಲೆ ಪಾತ್ರದ ಗುರುತು ಬರೆಸಿದ್ದರು. ನಾಟಕ ನಿಂತ ಮರುದಿನವೇ ಹಾಡುಗಳ ರೆಕಾರ್ಡಿಂಗ್ ಆಯಿತು. ಆ ಆಲ್ಬಮ್ ಕೇಳಿಕೊಂಡು ಒಂದು ಪೀಳಿಗೆಯೇ ಬೆಳೆಯಿತು. 2023ರಲ್ಲಿ ಅದೇ ನಾಟಕ ಬ್ರಾಡ್‌ವೇಗೆ ಮರಳಿ ಬಂದು, ಮರುವರ್ಷ ಅತ್ಯುತ್ತಮ ಮರುಪ್ರಯೋಗಕ್ಕೆ ಕೊಡುವ ಟೋನಿ ಎಂಬ ರಂಗಪ್ರಶಸ್ತಿ ಪಡೆಯಿತು.

ಭಾಷೆಯ ವಿಷಯವೂ ಇದೆ. 'ಹ್ಯಾಮಿಲ್ಟನ್'ನಲ್ಲಿ 20,000ಕ್ಕೂ ಜಾಸ್ತಿ ಪದಗಳಿವೆ, ಬಹುಪಾಲು ರ‍್ಯಾಪ್. ಮನೆಮಾತಲ್ಲದ ಭಾಷೆಯಲ್ಲಿ ಆ ವೇಗ ಹಿಡಿಯುವುದು ಎಲ್ಲರಿಗೂ ಸುಲಭವಲ್ಲ. ಕೆಲವು ಅಚ್ಚರಿಗಳು ಕೈಬಿಡುತ್ತವೆ, ಒಪ್ಪುತ್ತೇನೆ. ಆದರೆ ಏನೂ ಅರ್ಥವಾಗದವನಿಗೆ ಯಾವ ಅಚ್ಚರಿ ಸಿಕ್ಕೀತು?

ವಿರೋಧ: ಖಾಲಿ ಕಿವಿಯಲ್ಲಿ ಹೋಗಿ

ಹಾಡು ಕೇಳಿ, ಕತೆ ಓದಿ, ಸಾಲು ಬಾಯಿಪಾಠ ಮಾಡಿಕೊಂಡು ಹೋಗುವುದಾದರೆ ಅದು ನಾಟಕ ನೋಡುವುದಲ್ಲ, ಪರೀಕ್ಷೆ ಬರೆಯುವುದು. ಪಕ್ಕದ ಸೀಟಿನಲ್ಲಿ ನಟನಿಗಿಂತ ಅರ್ಧ ಸಾಲು ಮುಂದೆ ತುಟಿ ಆಡಿಸುವವರನ್ನು ನಾನು ನೋಡಿದ್ದೇನೆ. ಅವರ ಕಣ್ಣು ರಂಗದ ಮೇಲಿರುತ್ತದೆ, ಮನಸ್ಸು ಮಾತ್ರ ಆಲ್ಬಮ್‌ನಲ್ಲೇ. ಇವತ್ತಿನ ನಟಿ ಬೇರೆ ಥರ ಹಾಡಿದರೆ ಮುಖ ಸಣ್ಣಗಾಗುತ್ತದೆ.

ನಾನು ಮೆಚ್ಚುವ ಮ್ಯೂಸಿಕಲ್‌ಗಳೆಲ್ಲ ಜನರ ನಿರೀಕ್ಷೆಯನ್ನು ಮುರಿದವು. 1943ರ ಮಾರ್ಚ್ 31. ನ್ಯೂಯಾರ್ಕ್‌ನಲ್ಲಿ 'ಓಕ್ಲಹೋಮ!' ಮೊದಲ ರಾತ್ರಿ. ಆಗಿನ ಪ್ರೇಕ್ಷಕರಿಗೆ ತೆರೆ ಎದ್ದ ಕೂಡಲೇ ಸಾಲಾಗಿ ಕುಣಿಯುವ ಹುಡುಗಿಯರು ಬೇಕು. ತೆರೆ ಎದ್ದಿತು. ಒಬ್ಬ ವಯಸ್ಸಾದ ಹೆಂಗಸು ಕೂತು ಬೆಣ್ಣೆ ಕಡೆಯುತ್ತಿದ್ದಾಳೆ. ಬೇರೆ ಯಾರೂ ಇಲ್ಲ. ದೂರದಿಂದ, ಕಾಣದ ಕಡೆಯಿಂದ, ವಾದ್ಯದ ಜೊತೆಯಿಲ್ಲದೆ ಒಬ್ಬ ಹುಡುಗನ ದನಿ ಬರುತ್ತದೆ. ಒಳ್ಳೆಯ ಬೆಳಗ್ಗೆ ಎಂದು ಹಾಡಿಕೊಂಡು ಬರುತ್ತಾನೆ. ಆ ರಾತ್ರಿ ಅಲ್ಲಿ ಕೂತವರ ಯಾರ ಮನೆಯಲ್ಲೂ ಅದರ ಆಲ್ಬಮ್ ಇರಲಿಲ್ಲ. ಅದು ಬಂದದ್ದು ನಾಟಕ ಗೆದ್ದ ಮೇಲೆ. ಮುಂದೆ 2,212 ಪ್ರದರ್ಶನ ಆಯಿತು.

1966ರ 'ಕ್ಯಾಬರೆ'ಯಲ್ಲಿ ಜನ ಒಳಗೆ ಬರುವಾಗ ಪರದೆ ಇರಲಿಲ್ಲ. ರಂಗದ ಮೇಲೆ ಓರೆಯಾಗಿ ನಿಲ್ಲಿಸಿದ ದೊಡ್ಡ ಕನ್ನಡಿ. ಅದರಲ್ಲಿ ಕಂಡದ್ದು ಅವರವರ ಮುಖವೇ. ಬರ್ಲಿನ್‌ನ ಕ್ಲಬ್ಬಿನಲ್ಲಿ ಕೂತು ಚಪ್ಪಾಳೆ ತಟ್ಟುವವರು ನೀವೇ, ಹೊರಗೆ ನಾಜಿಗಳು ಬೆಳೆಯುವಾಗ ಸುಮ್ಮನಿದ್ದವರೂ ನೀವೇ ಎಂದು ಆ ಕನ್ನಡಿ ಹೇಳುತ್ತಿತ್ತು. ಇಯರ್‌ಫೋನ್‌ನಲ್ಲಿ ಕನ್ನಡಿ ಕಾಣುತ್ತದಾ? ಹಾಡು ಮಾತ್ರ ಕೇಳಿದವರು ಒಳ್ಳೆ ಮಜವಾದ ಹಾಡು ಅಂದುಕೊಂಡುಬಿಟ್ಟಾರು.

'ಹ್ಯಾಮಿಲ್ಟನ್' ಆಲ್ಬಮ್ ಇದ್ದರೆ ಪೂರ್ತಿ ನಾಟಕ ಕೈಯಲ್ಲಿದ್ದ ಹಾಗೆ ಅನ್ನುತ್ತಾರೆ. ಇಲ್ಲ. ಇಬ್ಬರು ತಂದೆಯರು ಮಕ್ಕಳಿಗಾಗಿ ಹಾಡುವ ಮೆಲ್ಲನೆಯ ಹಾಡು ಮುಗಿದ ಕೂಡಲೇ ಒಂದು ಕಾಗದ ಬರುತ್ತದೆ. ಆ ಸಣ್ಣ ದೃಶ್ಯ ಆಲ್ಬಮ್‌ನಲ್ಲಿ ಇಲ್ಲ. ಬರೆದವರು ಬೇಕೆಂದೇ ಬಿಟ್ಟರು, ಥಿಯೇಟರ್‌ಗೆ ಬಂದವರಿಗೆ ಮಾತ್ರ ಎಂದು. ಎಲ್ಲ ಗೊತ್ತು ಅಂದುಕೊಂಡು ಬಂದವರಿಗೂ ಅಲ್ಲಿ ಎದೆ ಧಸಕ್ ಅನ್ನುತ್ತದೆ. 2009ರಲ್ಲಿ ಬ್ರಾಡ್‌ವೇಗೆ ಬಂದ 'ನೆಕ್ಸ್ಟ್ ಟು ನಾರ್ಮಲ್' ನೋಡದವರು ಅದರ ಹಾಡುಗಳ ಪಟ್ಟಿಯನ್ನು ಕೂಡ ದಯವಿಟ್ಟು ಓದಬೇಡಿ. ಒಂದು ಮನೆ, ಗಂಡ, ಹೆಂಡತಿ, ಇಬ್ಬರು ಮಕ್ಕಳು. ಒಂದು ಹುಟ್ಟುಹಬ್ಬದ ಕೇಕ್ ಬರುತ್ತದೆ. ಮುಂದಕ್ಕೆ ನಾನು ಹೇಳುವುದಿಲ್ಲ.

'ಎವಿಟಾ', 'ಸೂಪರ್‌ಸ್ಟಾರ್' ಆಲ್ಬಮ್ ಆಗಿಯೇ ಹುಟ್ಟಿದವು, ಅವುಗಳ ಮಾತು ಬೇರೆ. ಮಟ್ಟು ಮರಳಿ ಬರುವುದನ್ನು ಗುರುತಿಸಬೇಕು ಅನ್ನುವವರು ಎರಡನೇ ಸಲ ಹೋಗಲಿ, ಯಾರು ಬೇಡ ಅಂದರು?

ನನಗೆ ಇದು ಖಾತ್ರಿಯಾದದ್ದು 'ಕಮ್ ಫ್ರಮ್ ಅವೇ' ನೋಡಿದ ದಿನ. ಗೆಳತಿ ಟಿಕೆಟ್ ತೆಗೆದಿದ್ದಳು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲಾದ ದಾಳಿಗೆ ಸಂಬಂಧಪಟ್ಟ ಮ್ಯೂಸಿಕಲ್ ಎಂದು ಕೇಳಿಯೇ ನನಗೆ ಸಿಟ್ಟು ಬಂದಿತ್ತು. ಇದರ ಮೇಲೂ ಹಾಡು ಕುಣಿತವಾ? ಒಂದೋ ಅಳಿಸಿ ಅಳಿಸಿ ಸಾಯಿಸುತ್ತಾರೆ, ಇಲ್ಲ ಬಾವುಟ ಬೀಸುತ್ತಾರೆ ಅಂದುಕೊಂಡಿದ್ದೆ. ಅವಳಿಗೆ ಆಲ್ಬಮ್ ಪೂರ್ತಿ ಬಾಯಿಗೆ ಬರುತ್ತಿತ್ತು. "ಒಂದು ಸಲ ಕೇಳಿಕೊಂಡು ಬಾ, ನಿನ್ನ ಕೋಪ ಇಳಿಯುತ್ತೆ" ಎಂದಳು. ನಾನು ಕೇಳಲಿಲ್ಲ.

ರಂಗದ ಮೇಲೆ ಕೆಲವು ಮರದ ಕಾಂಡಗಳು, ಒಂದಕ್ಕೊಂದು ಹೊಂದದ ಕುರ್ಚಿಗಳು. ಪಿಟೀಲು, ಡೋಲು ಹಿಡಿದ ವಾದ್ಯದವರು ಅಲ್ಲೇ ಪಕ್ಕದಲ್ಲಿ. ಇಷ್ಟೇನಾ ಅನಿಸಿತು. ಅವತ್ತು ಅಮೆರಿಕ ತನ್ನ ಆಕಾಶ ಮುಚ್ಚಿದಾಗ 38 ವಿಮಾನಗಳು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಗ್ಯಾಂಡರ್ ಎಂಬ ಪುಟ್ಟ ಊರಿನಲ್ಲಿ ಇಳಿದವು. ಸುಮಾರು 7,000 ಜನ. ಊರಿನವರೇ ಇದ್ದದ್ದು 10,000ಕ್ಕಿಂತ ಕಡಿಮೆ. ಊರಿನವರು, ಪ್ರಯಾಣಿಕರು ಎಲ್ಲರ ಪಾತ್ರವನ್ನೂ 12 ನಟರೇ ಮಾಡುತ್ತಾರೆ. ಊರಿನ ಹೆಂಗಸೊಬ್ಬಳು ಕೋಟು ಬದಲಿಸಿ ನೆಟ್ಟಗೆ ನಿಂತಳು. ಅಷ್ಟಕ್ಕೇ ಅವಳು ವಿಮಾನದ ಕ್ಯಾಪ್ಟನ್. ಕುರ್ಚಿಗಳನ್ನು ಸಾಲಾಗಿ ಎಳೆದರೆ ವಿಮಾನ, ತಿರುಗಿಸಿದರೆ ಬಸ್ಸು, ಚದುರಿಸಿದರೆ ಹೋಟೆಲ್.

ಪ್ರಯಾಣಿಕರು ವಿಮಾನದಿಂದ ಇಳಿಯಲಾಗದೆ ಗಂಟೆಗಟ್ಟಲೆ ಕೂತೇ ಇರುತ್ತಾರೆ. ಹೊರಗೆ ಏನಾಗಿದೆ ಎಂದು ಅವರಿಗೆ ಗೊತ್ತಿಲ್ಲ. ಮುಂದೆ ಏನು ಬರುತ್ತದೆ ಎಂದು ನನಗೂ ಗೊತ್ತಿಲ್ಲ. ಅವರ ಜೊತೆ ನಾನೂ ಆ ಕುರ್ಚಿಯ ಸಾಲಿನಲ್ಲೇ ಕೂತಿದ್ದೆ. ನಗಿಸುತ್ತಾರೆ ಎಂದು ಎಣಿಸಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಊರಿನವರ ಪದ್ಧತಿಯಂತೆ ಬಂದವರು ಮೀನಿಗೆ ಮುತ್ತು ಕೊಡಬೇಕು! ಆ ನಗುವಿನ ನಡುವೆಯೇ ಒಬ್ಬ ತಾಯಿ ಫೋನಿನ ಹತ್ತಿರ ನಿಂತಿದ್ದಾಳೆ. ಮಗ ನ್ಯೂಯಾರ್ಕ್‌ನಲ್ಲಿ ಅಗ್ನಿಶಾಮಕ ದಳದಲ್ಲಿದ್ದಾನೆ.

ಆಮೇಲೆ ಆ ಕ್ಯಾಪ್ಟನ್ ಹಾಡು. ಚಿಕ್ಕವಳಿದ್ದಾಗಿನಿಂದ ವಿಮಾನ ಹಾರಿಸುವ ಆಸೆ, ಹೆಂಗಸರಿಗೆ ಆ ಕೆಲಸ ಕೊಡದಿದ್ದ ಕಾಲ, ಒಂದೊಂದೇ ಮೆಟ್ಟಿಲು ಹತ್ತಿದ್ದು. ಹಾಡು ಏರುತ್ತಾ ಏರುತ್ತಾ ಹೋಗುತ್ತದೆ. ಗೆದ್ದಳಲ್ಲ ಎಂದು ನಾನು ಚಪ್ಪಾಳೆಗೆ ಕೈ ಎತ್ತಿದ್ದೆ. ಅಷ್ಟರಲ್ಲಿ ಹಾಡು ನಿಂತೇಹೋಯಿತು. ಅವಳು ಜೀವಕ್ಕಿಂತ ಹೆಚ್ಚು ಪ್ರೀತಿಸಿದ ವಿಮಾನಗಳನ್ನೇ ಅವತ್ತು ದಾಳಿ ಮಾಡಿದವರು ಬಾಂಬು ಮಾಡಿಕೊಂಡಿದ್ದರು. ಎತ್ತಿದ ಕೈ ಹಾಗೇ ಉಳಿಯಿತು. ಗೆಳತಿ ರಂಗದ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು.

ಮಧ್ಯಂತರ ಇಲ್ಲದ ನೂರು ನಿಮಿಷ ಕಳೆದದ್ದೇ ಗೊತ್ತಾಗಲಿಲ್ಲ. ನಟರು ನಮಸ್ಕಾರ ಮಾಡಿ ಒಳಗೆ ಹೋದ ಮೇಲೂ ವಾದ್ಯದವರು ನುಡಿಸುತ್ತಲೇ ಇದ್ದರು. ಜನ ಅಲ್ಲೇ ನಿಂತು ತಾಳ ಹಾಕುತ್ತಿದ್ದರು. ಹೊರಗೆ ಬಂದ ಮೇಲೆ ಗೆಳತಿಯನ್ನು ಕೇಳಿದೆ, ಆ ಹಾಡಿನ ಹೊತ್ತಿಗೆ ನನ್ನನ್ನು ಯಾಕೆ ನೋಡುತ್ತಿದ್ದೆ ಎಂದು. "ಆ ಜಾಗ ಬರುತ್ತೆ ಅಂತ ನಂಗೆ ಗೊತ್ತಿತ್ತು. ಗೊತ್ತಿಲ್ಲದೆ ಇರೋದು ಹೇಗಿರುತ್ತೆ ಅಂತ ನೋಡ್ತಿದ್ದೆ" ಎಂದಳು. ಬ್ಯಾಗಿನಿಂದ ಇಯರ್‌ಫೋನ್ ತೆಗೆದು ಒಂದನ್ನು ನನ್ನ ಕಡೆ ಚಾಚಿದಳು. ಆಗ ತೆಗೆದುಕೊಂಡೆ.