ಪೋಸ್ಟರ್‌ಗಿರುವ ರಿಯಾಯಿತಿ ಹಾಡಿಗಿಲ್ಲ
ಸಾಕ್ಷ್ಯಚಿತ್ರದಲ್ಲಿ ಹಾಡು 10 ಸೆಕೆಂಡ್ ಒಳಗಿದ್ದರೆ ಹಕ್ಕುದಾರರ ಅನುಮತಿ ಬೇಡ ಅಂತ ನಿಮ್ಮ ಲೇಖನದಲ್ಲಿದೆ. ದಯವಿಟ್ಟು ತಿದ್ದಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. ಅನುಮತಿ ಇಲ್ಲದೆ ಯಾವಾಗ ಬಳಸಬಹುದು ಅಂತ ಹೇಳುವ 52ನೇ ಸೆಕ್ಷನ್ ಮೊದಲು ಕೇಳುವುದು ಯಾಕೆ ಬಳಸಿದಿರಿ ಅಂತ. ವಿಮರ್ಶೆಗಾ, ಸುದ್ದಿಗಾ, ಸುಮ್ನೆ ಚೆಂದಕ್ಕಾ?

ನಾವು ಸಕಲೇಶಪುರದ ಕಡೆ ಕಾಫಿ ತೋಟದ ಕೆಲಸಗಾರರ ಬಗ್ಗೆ ಚಿತ್ರ ಮಾಡುತ್ತಿದ್ದೇವೆ. ಟೀ ಅಂಗಡಿಯಲ್ಲಿ ಒಬ್ಬ ಅಜ್ಜಿ ತಮ್ಮ ಹಳೇ ಕೂಲಿ ದಿನಗಳನ್ನು ಹೇಳುತ್ತಾರೆ. ಹಿಂದೆ ಗೋಡೆಯಲ್ಲಿ ಸಿನಿಮಾ ಪೋಸ್ಟರ್, ರೇಡಿಯೋದಲ್ಲಿ ಹಾಡು. ಹಿನ್ನೆಲೆಯಲ್ಲಿ ಬಿದ್ದ ಪೋಸ್ಟರ್‌ಗೆ ಅದೇ ಸೆಕ್ಷನ್ ಅನುಮತಿ ಬೇಡ ಅಂತ ರಿಯಾಯಿತಿ ಕೊಡುತ್ತದೆ. ಆದರೆ ಆ ಮಾತು ಚಿತ್ರಕಲೆ, ಫೋಟೋದಂಥವಕ್ಕೆ ಮಾತ್ರ, ಹಾಡಿಗಲ್ಲ. ಅಜ್ಜಿಯ ದನಿಯಿಂದ ಹಾಡನ್ನು ಪೂರ್ತಿ ಬೇರ್ಪಡಿಸಲು ಆಗುತ್ತಿಲ್ಲ. ಲೈಸೆನ್ಸಿಗೆ ದುಡ್ಡಿಲ್ಲ. ತಾನಾಗಿ ಕೇಳಿಸಿದ ಹಾಡಿಗೂ ಕಾಯ್ದೆಯಲ್ಲಿ ಅದೇ ರಿಯಾಯಿತಿ ಬರಬೇಕು, ಅಲ್ವಾ?