ಸೆಪ್ಟೆಂಬರ್ 5 ಹೋಗಿ ಮೇ 9 ಆದದ್ದು

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡ ನನಗೆ ಒಂದೇ ಹಾಳೆಯಲ್ಲಿ ಕನ್ನಡ, ತೆಲುಗು, ಒಮ್ಮೊಮ್ಮೆ ಉರ್ದುವನ್ನೂ ಕೂಡಿಸುವುದು ನಿತ್ಯದ ಕೆಲಸ. ಹೀಗಿದ್ದೂ ತಂತ್ರಾಂಶದಲ್ಲಿ ಭಾಷೆಯನ್ನು ಗೊತ್ತುಪಡಿಸುವುದು ಪದಗಳ ಕೆಳಗಿನ ಕೆಂಪು ಗೆರೆಯನ್ನು ತಪ್ಪಿಸಿಕೊಳ್ಳುವುದಕ್ಕಷ್ಟೇ ಎಂದು ಬಹುಕಾಲ ತಿಳಿದಿದ್ದೆ. ಒಂದು ಸಾಲದ ಸಂಘದ ಕಂತಿನ ನೋಟಿಸುಗಳು ಆ ತಿಳಿವಳಿಕೆಯನ್ನು ಬಿಡಿಸಿದವು.

ಸದಸ್ಯರ ಹೆಸರು, ಕಂತಿನ ದಿನಾಂಕಗಳನ್ನು ಲೆಕ್ಕದ ಹಾಳೆಯ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನಾನೇ ಟೈಪ್ ಮಾಡಿದ್ದೆ. 05/09/2024 ಎಂದು ಹೊಡೆದದ್ದು ಪರದೆಯ ಮೇಲೂ ಅದೇ ಕ್ರಮದಲ್ಲಿ ಕಾಣುತ್ತಿದ್ದುದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ವಯಸ್ಸಾದವರಿಗೂ ಗೊಂದಲವಾಗದಿರಲಿ ಎಂದು ತಿಂಗಳ ಹೆಸರು ಕನ್ನಡ ಅಕ್ಷರದಲ್ಲಿ ಬರುವಂತೆ ಆ ಕಾಲಮ್ಮಿನ ಫಾರ್ಮ್ಯಾಟ್ ಬದಲಿಸಿದಾಗ ಅಲ್ಲಿ ಮೂಡಿದ್ದು '09 ಮೇ 2024'. ಅದರ ಕೆಳಗಿನ 25/09/2024 ಮಾತ್ರ ಮಿಸುಕಾಡದೆ ಹಾಗೆಯೇ ಕುಳಿತಿತ್ತು.

ನನ್ನ ಗಣಕದ ಲೊಕೇಲ್, ಅಂದರೆ ಯಾವ ದೇಶದ ಭಾಷೆ, ದಿನಾಂಕದ ರೂಢಿಯನ್ನು ಅನುಸರಿಸಬೇಕೆಂಬ ಆಯ್ಕೆ, ಅಮೆರಿಕದ ಇಂಗ್ಲಿಷ್‌ನಲ್ಲಿತ್ತು. ಅದನ್ನು ಎಂದೂ ತೆರೆದು ನೋಡದಿದ್ದುದು ನನ್ನದೇ ತಪ್ಪು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 12 ಅಥವಾ ಅದಕ್ಕಿಂತ ಕಡಿಮೆ ಇರುವ ದಿನವನ್ನು ಅದು ಸದ್ದಿಲ್ಲದೆ ತಿಂಗಳೆಂದು ಎಣಿಸುತ್ತದೆ. 25ನೇ ತಿಂಗಳು ಎಂಬುದು ಇಲ್ಲವಾದ್ದರಿಂದ ಅಂಥದ್ದನ್ನು ದಿನಾಂಕವೆಂದೇ ಒಪ್ಪದೆ ಬರಿಯ ಪಠ್ಯವಾಗಿ ಬಿಡುತ್ತದೆ. ಪಠ್ಯ ಖಾನೆಯ ಎಡಕ್ಕೆ, ದಿನಾಂಕ ಬಲಕ್ಕೆ ಅಂಟಿ ನಿಲ್ಲುತ್ತದೆಂಬ ಸುಳಿವು ಕಣ್ಣೆದುರಿಗೇ ಇತ್ತು, ನಾನು ಅದನ್ನು ಅಂದದ ಕೊರತೆಯೆಂದು ಬಗೆದು ಎಲ್ಲವನ್ನೂ ನಡುವಿಗೆ ತಂದುಬಿಟ್ಟಿದ್ದೆ! ಲೊಕೇಲನ್ನು ಆಮೇಲೆ ಭಾರತದ ಇಂಗ್ಲಿಷ್‌ಗೆ ಬದಲಿಸಿದರೂ ಹಳೆಯ ನಮೂದು ಸರಿಹೋಗದು, ಏಕೆಂದರೆ ಕ್ಯಾಲ್ಕ್ ದಿನಾಂಕವನ್ನು 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ. ಮೇ 9 ಎಂದು ಎಣಿಸಿದ್ದು ಮೇ 9 ಆಗಿಯೇ ಉಳಿಯುತ್ತದೆ. ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ.

ಭಾಷೆಯ ವಿಷಯದಲ್ಲಿ ನಮ್ಮ ಊರಿನವರಿಗೆ ಇನ್ನೊಂದು ತೊಡಕಿದೆ. ಲಿಬ್ರೆಆಫೀಸ್ ಲಿಪಿಗಳನ್ನು ಪಾಶ್ಚಾತ್ಯ, ಏಷ್ಯನ್ (ಚೀನೀ, ಜಪಾನೀ, ಕೊರಿಯನ್), ಸಂಕೀರ್ಣ ಲಿಪಿ ಎಂದು ಮೂರೇ ಗುಂಪು ಮಾಡಿ, ಗುಂಪಿಗೊಂದು ಪೂರ್ವನಿಯೋಜಿತ ಭಾಷೆಯನ್ನು ಕೇಳುತ್ತದೆ. ಕನ್ನಡ, ತೆಲುಗು, ಉರ್ದು ಮೂರೂ ಬೀಳುವುದು ಮೂರನೆಯ ಗುಂಪಿಗೇ. ಅಲ್ಲಿ ಕನ್ನಡವನ್ನು ಇಟ್ಟರೆ ತೆಲುಗು ಪ್ಯಾರಾಗಳೂ ಕನ್ನಡವೆಂದೇ ಗುರುತಾಗುತ್ತವೆ. ಆದ್ದರಿಂದ ತೆಲುಗಿಗೆ ಬೇರೆ ಪ್ಯಾರಾಗ್ರಾಫ್ ಸ್ಟೈಲ್ (ಪ್ಯಾರಾಕ್ಕೆ ಅನ್ವಯಿಸುವ ಸಿದ್ಧ ವಿನ್ಯಾಸ) ಮಾಡಿ ಅದರಲ್ಲೇ ಭಾಷೆಯನ್ನು ನಮೂದಿಸಬೇಕು. ಉರ್ದುವಿನ ಸ್ಟೈಲಿಗೆ ಬಲದಿಂದ ಎಡಕ್ಕೆ ಸಾಗುವ ದಿಕ್ಕನ್ನೂ ಸೇರಿಸಬೇಕು. ಮೆನುಗಳನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಕಡತದ ಭಾಷೆ ಕನ್ನಡವಾಗುವುದಿಲ್ಲ, ಇವೆರಡನ್ನು ಒಂದೇ ಎಂದುಕೊಳ್ಳುವವರು ನನ್ನ ವೃತ್ತಿಯಲ್ಲೇ ಬೇಕಾದಷ್ಟಿದ್ದಾರೆ.

ಸಾರ್ವಜನಿಕ ನೋಟಿಸಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕೆಂಬುದು ನನ್ನ ಹಟ. ಗಿರಾಕಿಗಳು ಜಾಗ ಸಾಲದೆಂದು ತಕರಾರು ತೆಗೆದರೆ ಫಾಂಟನ್ನು ಅರ್ಧ ಪಾಯಿಂಟ್ ಇಳಿಸುತ್ತೇನೆಯೇ ಹೊರತು ತಿಂಗಳನ್ನು ಅಂಕಿಗೆ ಇಳಿಸುವುದಿಲ್ಲ. ಈಗ ಯಾವುದೇ ಪಟ್ಟಿಗೆ ಕೈಹಾಕುವ ಮೊದಲು ಖಾಲಿ ಖಾನೆಯಲ್ಲಿ 25/09/2024 ಎಂದು ಹೊಡೆದು, ಅದು ಬಲಕ್ಕೆ ಸರಿದ ಮೇಲೆಯೇ ಮೊದಲ ಸದಸ್ಯರ ಹೆಸರು ಬರೆಯುತ್ತೇನೆ.